ಫೈರ್‌ವಾಲ್ ತಡೆದ ಪ್ಯಾಕೆಟ್ ಟಿಸಿಪಿಡಂಪ್‌ನಲ್ಲಿ ಕಾಣಿಸುವುದೇಕೆ?

ಟಿಸಿಪಿಡಂಪ್ ಎಂದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಹಿಡಿದು ತೋರಿಸುವ ತಂತ್ರಾಂಶ. ಅದು ಒಳಬರುವ ಪ್ಯಾಕೆಟ್‌ನ ನಕಲು ತೆಗೆದುಕೊಳ್ಳುವುದು ಫೈರ್‌ವಾಲ್‌ಗಿಂತ ಮೊದಲು, ಅದಕ್ಕೇ. ಲಿನಕ್ಸ್‌ನಲ್ಲಿ ಒಳಬರುವ ಪ್ಯಾಕೆಟ್ ನೆಟ್‌ವರ್ಕ್ ಕಾರ್ಡ್ ದಾಟಿ ಕರ್ನಲ್‌ಗೆ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ, ಬಂದ ಕೂಡಲೇ ಅದರ ಒಂದು ಪ್ರತಿ ಟಿಸಿಪಿಡಂಪ್‌ಗೆ ಹೋಗುತ್ತದೆ. ಲಿನಕ್ಸ್‌ನ ಫೈರ್‌ವಾಲ್ ಸಾಧನವಾದ ಐಪಿಟೇಬಲ್ಸ್‌ನ ನಿಯಮಗಳು ಅದನ್ನು ತಡೆದು ನಿಲ್ಲಿಸುವುದು ಆಮೇಲೆ. ಹೊರಹೋಗುವಾಗ ಸರದಿ ತಿರುಗುಮುರುಗು: ಮೊದಲು ಫೈರ್‌ವಾಲ್, ನಂತರ ನಕಲು. ಆದ್ದರಿಂದ ಹೊರಹೋಗದಂತೆ ತಡೆದ ಪ್ಯಾಕೆಟ್ ಅಲ್ಲಿ ಕಾಣುವುದೇ ಇಲ್ಲ.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಇದೇ ವಿಷಯ ನನ್ನ ಅರ್ಧ ದಿನವನ್ನು ನುಂಗಿತ್ತು. ಲಾರಿ ತೂಗುವ ವೇಬ್ರಿಡ್ಜ್‌ನ ಕಂಪ್ಯೂಟರಿನಿಂದ ಕಚೇರಿಯ ಸರ್ವರಿಗೆ ತೂಕದ ವಿವರ ಹೋಗುತ್ತಿರಲಿಲ್ಲ. ಭತ್ತದ ಲಾರಿಗಳು ಗೇಟಿನಾಚೆ ಸಾಲುಗಟ್ಟಿದ್ದವು. ಸರ್ವರಿನಲ್ಲಿ ಟಿಸಿಪಿಡಂಪ್ ಓಡಿಸಿ ನೋಡಿದರೆ ‘ಸಿನ್’, ಅಂದರೆ ಸಂಪರ್ಕ ಕೋರುವ ಮೊದಲ ಪ್ಯಾಕೆಟ್, ಮತ್ತೆ ಮತ್ತೆ ಬರುತ್ತಿತ್ತು; ಉತ್ತರ ಮಾತ್ರ ಒಂದೂ ಇಲ್ಲ. ಪ್ಯಾಕೆಟ್ ಬಂದಿದೆ ಎಂದ ಮೇಲೆ ಫೈರ್‌ವಾಲ್‌ನಲ್ಲಿ ತೊಂದರೆಯಿಲ್ಲ ಎಂದುಕೊಂಡು ಡೇಟಾಬೇಸನ್ನೇ ಜಾಲಾಡಿದೆ. ಎಡವಿದ್ದು ಅಲ್ಲೇ.

ಸುಳಿವು ಆ ಮೌನದಲ್ಲೇ ಇತ್ತು. ಸಿನ್ ಬಂದು ತಟ್ಟುವ ಪೋರ್ಟಿನಲ್ಲಿ, ಅಂದರೆ ಸಂಪರ್ಕದ ಸಂಖ್ಯೆಯುಳ್ಳ ಬಾಗಿಲಿನಲ್ಲಿ, ಯಾವ ತಂತ್ರಾಂಶವೂ ಕಾದು ಕುಳಿತಿರದಿದ್ದರೆ ಕರ್ನಲ್ ಸಾಮಾನ್ಯವಾಗಿ ‘ರೀಸೆಟ್’ ಕಳುಹಿಸಿ ಕೂಡಲೇ ಇಲ್ಲವೆನ್ನುತ್ತದೆ. ಒಂದು ಮಾತೂ ಬರದಿದ್ದರೆ ಮೊದಲು ‘ಡ್ರಾಪ್’ ನಿಯಮವನ್ನು, ಅಂದರೆ ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆದುಬಿಡುವ ಫೈರ್‌ವಾಲ್ ನಿಯಮವನ್ನು, ಅನುಮಾನಿಸಿ. ಐಪಿಟೇಬಲ್ಸ್‌ನ ವಿವರವಾದ ಪಟ್ಟಿಯಲ್ಲಿ ಪ್ರತಿ ನಿಯಮದ ಮುಂದೆ ಪ್ಯಾಕೆಟ್‌ಗಳ ಎಣಿಕೆ ಇರುತ್ತದೆ. ನೀವು ಪ್ರಯತ್ನಿಸಿದಾಗಲೆಲ್ಲ ಡ್ರಾಪ್‌ನ ಎಣಿಕೆ ಏರುತ್ತಿದ್ದರೆ ಕಳ್ಳ ಸಿಕ್ಕಂತೆ.