‘ಕ್ಯಾಬಿನ್ ಸೈಜ್’ ಅಂತ ಚೀಟಿ ಇದ್ದರೆ ಸಾಕಾ? ಖಾಲಿ ಪೆಟ್ಟಿಗೆಯನ್ನೊಮ್ಮೆ ತೂಗಿ ನೋಡಿ

ಪ್ರಶ್ನೆ: ನನಗೆ 61 ವರ್ಷ. ಮಗಳು ಜರ್ಮನಿಯಲ್ಲಿದ್ದಾಳೆ. ಮುಂದಿನ ತಿಂಗಳು ಮೊದಲ ಸಲ ಅವಳ ಮನೆಗೆ ಹೊರಟಿದ್ದೇನೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇಂಡಿಗೊ, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ. ನಡುವೆ ನಾಲ್ಕು ದಿನ ಇಟಲಿ ತೋರಿಸುತ್ತಾಳಂತೆ, ಅದಕ್ಕೆ ರಯಾನ್‌ಏರ್ ಟಿಕೆಟ್ ಮಾಡಿಸಿದ್ದಾಳೆ. ದೊಡ್ಡ ಸೂಟ್‌ಕೇಸ್ ಮನೆಯಲ್ಲಿದೆ. ವಿಮಾನದ ಒಳಗೆ ಒಯ್ಯುವ ಸಣ್ಣದನ್ನು ಕೊಳ್ಳಬೇಕು. ದುರ್ಗದಬೈಲಿನ ಅಂಗಡಿಯಲ್ಲಿ 22 ಇಂಚಿನ ಗಟ್ಟಿ ಪೆಟ್ಟಿಗೆ ತೋರಿಸಿ, ‘ಇದು ಕ್ಯಾಬಿನ್ ಸೈಜ್, ಎಲ್ಲ ವಿಮಾನದಲ್ಲೂ ನಡೆಯುತ್ತದೆ’ ಅಂದರು. ನಂಬಬಹುದಾ? ಎಡಭುಜದ ನೋವಿದೆ, ಜಾಸ್ತಿ ಭಾರ ಎಳೆಯಲಾರೆ.
– ಹುಬ್ಬಳ್ಳಿಯ ಓದುಗರು

ಉತ್ತರ: ಆ 22 ಇಂಚಿನದನ್ನು ಸದ್ಯಕ್ಕೆ ಅಂಗಡಿಯಲ್ಲೇ ಬಿಡಿ. ಅಂಗಡಿಯವರು ಸುಳ್ಳು ಹೇಳಿದರು ಅಂತಲ್ಲ. ‘ಕ್ಯಾಬಿನ್ ಸೈಜ್’ ಅನ್ನುವ ಚೀಟಿಯನ್ನು ಅಂಟಿಸುವವರು ಪೆಟ್ಟಿಗೆ ಮಾಡುವವರು. ಅಳೆದು ಒಳಗೆ ಬಿಡುವವರು ವಿಮಾನ ಕಂಪನಿಯವರು. ಇಬ್ಬರ ಅಳತೆಯೂ ಒಂದೇ ಇರಬೇಕು ಅಂತ ಎಲ್ಲೂ ಇಲ್ಲ.

ಎಲ್ಲ ಕಡೆ ನಡೆಯುವ ಒಂದೇ ಅಳತೆ ತರಲು ಒಮ್ಮೆ ಪ್ರಯತ್ನ ನಡೆದಿತ್ತು. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಟಿಎ, 2015ರ ಜೂನ್‌ನಲ್ಲಿ 55×35×20 ಸೆಂ.ಮೀ. ಅಳತೆಯನ್ನು ಮುಂದಿಟ್ಟಿತು. ಜನರ ಮನೆಯಲ್ಲಿರುವ ಚೀಲಗಳೆಲ್ಲ ದೊಡ್ಡವಾಗಿಬಿಡುತ್ತವೆ ಅಂತ ಉತ್ತರ ಅಮೆರಿಕದಲ್ಲಿ ದೊಡ್ಡ ವಿರೋಧ ಬಂತು. ಅದೇ ತಿಂಗಳು ಯೋಜನೆ ನಿಂತಿತು. ಆದರೂ ಆ ಅಳತೆಯನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಪ್ರಯಾಣಕ್ಕೆ ಅದೇ ಸರಿಹೊಂದುತ್ತದೆ. ಹೇಗೆ ಅಂತ ನೋಡೋಣ.

ಇಂಡಿಗೊ ಬಿಡುವುದು 55×35×25 ಸೆಂ.ಮೀ., ತೂಕ 7 ಕೆ.ಜಿ. ಲುಫ್ತಾನ್ಸಾದಲ್ಲಿ 55×40×23, ತೂಕ 8 ಕೆ.ಜಿ. ರಯಾನ್‌ಏರ್‌ನಲ್ಲಿ ಹೆಚ್ಚಿಗೆ ಹಣ ಕಟ್ಟಿ ‘ಪ್ರಯಾರಿಟಿ’ ತೆಗೆದುಕೊಂಡವರಿಗೆ 55×40×20, ತೂಕ 10 ಕೆ.ಜಿ. ಈಗ ಮೂರರಲ್ಲೂ ಚಿಕ್ಕ ಅಂಕಿಯನ್ನೇ ಆರಿಸಿ. ಎತ್ತರ 55, ಅಗಲ 35, ದಪ್ಪ 20. ತೂಕ 7 ಕೆ.ಜಿ. ಇದರೊಳಗಿನ ಪೆಟ್ಟಿಗೆ ಮೂರು ವಿಮಾನಕ್ಕೂ ಆಗುತ್ತದೆ. ಮೂರು ಟಿಕೆಟ್ ಇದ್ದರೆ ಮೂರರಲ್ಲಿ ಯಾರದ್ದು ಬಿಗಿಯೋ ಅವರ ಲೆಕ್ಕ ಹಿಡಿಯಬೇಕು. ಮೊದಲ ವಿಮಾನದಲ್ಲಿ ನಡೆದದ್ದು ಎರಡನೆಯದರಲ್ಲಿ ನಡೆಯದೇ ಇರಬಹುದು.

ಇನ್ನು ಆ 22 ಇಂಚು. ಇಂಚಿನ ಲೆಕ್ಕ ಹಲವು ಸಲ ಪೆಟ್ಟಿಗೆಯ ಮೈಯದ್ದು ಮಾತ್ರ. ಚಕ್ರ, ಮೇಲಿನ ಹಿಡಿ ಸೇರಿರುವುದಿಲ್ಲ. 22 ಇಂಚು ಅಂದರೇ ಸುಮಾರು 56 ಸೆಂ.ಮೀ. ಅದರ ಮೇಲೆ ಚಕ್ರದ್ದು ಇನ್ನೊಂದು ನಾಲ್ಕೈದು. ಅಲ್ಲಿಗೆ 60 ಮುಟ್ಟಿತು. ವಿಮಾನ ಕಂಪನಿಗಳು ಅಳೆಯುವುದು ಚಕ್ರ, ಹಿಡಿ, ಹೊರಜೇಬು ಎಲ್ಲ ಸೇರಿಸಿ. ಅದಕ್ಕೇ 20 ಇಂಚಿನದು ಅಂತ ಮಾರುವುದರಲ್ಲಿ ಹುಡುಕಿ.

ಅಂಗಡಿಗೆ ಹೋಗುವಾಗ ಟೈಲರ್ ಟೇಪ್ ಒಂದನ್ನು ಪರ್ಸಿನಲ್ಲಿ ಹಾಕಿಕೊಳ್ಳಿ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ನೇರ ನಿಲ್ಲಿಸಿ. ಅದರ ತಲೆಯ ಮೇಲೆ, ಹಿಡಿ ಮುಟ್ಟುವಂತೆ, ಒಂದು ಪುಸ್ತಕ ಅಡ್ಡ ಇಡಿ. ನೆಲದಿಂದ ಪುಸ್ತಕದ ಕೆಳಮೈವರೆಗೆ ಅಳೆಯಿರಿ. ಅದೇ ನಿಜವಾದ ಎತ್ತರ. ಪಕ್ಕದಲ್ಲಿ ಇನ್ನೊಂದು ಹಿಡಿ ಇರುತ್ತದಲ್ವಾ, ಅಗಲ ಅಳೆಯುವಾಗ ಅದನ್ನೂ ಸೇರಿಸಿ. ದಪ್ಪಕ್ಕೆ ಮುಂದಿನ ಜೇಬು ಸೇರಿಸಿ. ಸುತ್ತಲೂ ಒಂದು ಹೆಚ್ಚಿನ ಜಿಪ್ ಕಂಡರೆ ಅದು ಪೆಟ್ಟಿಗೆಯನ್ನು ಹಿಗ್ಗಿಸುವ ಜಿಪ್. ಅದನ್ನು ಬಿಚ್ಚಿದರೆ ದಪ್ಪ ಹಲವು ಸೆಂ.ಮೀ. ಹೆಚ್ಚುತ್ತದೆ. ಬರುವಾಗ ಮಗಳು ಏನಾದರೂ ಕೊಟ್ಟಳು ಅಂತ ಅದನ್ನು ಬಿಚ್ಚಿದಿರೋ, ಕ್ಯಾಬಿನ್ ಪೆಟ್ಟಿಗೆ ಅನ್ನುವುದು ಅಲ್ಲಿಗೆ ಮುಗಿಯಿತು.

ಆದರೆ ನಮ್ಮ ದೇಶದಿಂದ ಹೊರಡುವವರಿಗೆ ಸೆಂಟಿಮೀಟರ್‌ಗಿಂತ ಜಾಸ್ತಿ ಕಾಡುವುದು ತೂಕ. ನಾನು ಚೆಕ್-ಇನ್ ಕೌಂಟರ್‌ನಲ್ಲಿ ಹಲವು ವರ್ಷ ಕೆಲಸ ಮಾಡಿದವನು. ಅಳತೆಯ ಚೌಕಟ್ಟಿಗೆ ಹಾಕಿ ನೋಡುವುದು ಅಪರೂಪಕ್ಕೆ. ತಕ್ಕಡಿ ಮೇಲೆ ಇಡಿಸುವುದು ದಿನವಿಡೀ.

ಒಬ್ಬ ಹಿರಿಯರ ನೆನಪು ಇನ್ನೂ ಹೋಗಿಲ್ಲ. ಮಗನ ಮನೆಗೆ ಹೊರಟವರು. ಹೊಸ ಪೆಟ್ಟಿಗೆ, ಹಿಡಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ತಕ್ಕಡಿ 9.4 ತೋರಿಸಿತು. 7ಕ್ಕೆ ಇಳಿಸಬೇಕು ಅಂದೆ. ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದರು. ಪಂಚೆಯಲ್ಲಿ ಸುತ್ತಿದ್ದ ಸ್ಟೀಲ್ ಡಬ್ಬಿ ಹೊರಗೆ ಬಂತು, ಚಕ್ಕುಲಿ ಕೋಡುಬಳೆ ತುಂಬಿದ್ದು. ಆಮೇಲೆ ಒಂದು ಶಾಲು, ಎರಡು ಪುಸ್ತಕ. ಆದರೂ 7ಕ್ಕೆ ಇಳಿಯಲಿಲ್ಲ. ಕೊನೆಗೆ ಎಲ್ಲ ಬಟ್ಟೆ ತೆಗೆದು ಖಾಲಿ ಪೆಟ್ಟಿಗೆಯನ್ನೇ ಇಟ್ಟು ನೋಡಿದೆವು: 3.6 ಕೆ.ಜಿ. ಅವರಿಗೆ ಸಿಕ್ಕ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಪೆಟ್ಟಿಗೆಯೇ ತಿಂದುಹಾಕಿತ್ತು. ಕೊಳ್ಳುವಾಗ ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಹೇಗೋ ದೊಡ್ಡ ಲಗೇಜಿನಲ್ಲಿ ಜಾಗ ಮಾಡಿ ಕಳಿಸಿದೆವು. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದೇ: ಬಣ್ಣ, ಬೀಗ, ಬ್ರ್ಯಾಂಡ್ ಎಲ್ಲ ಆಮೇಲೆ. ಖಾಲಿ ಪೆಟ್ಟಿಗೆ ಎಷ್ಟು ತೂಗುತ್ತದೆ ಅಂತ ಮೊದಲು ಕೇಳಿ.

ನಿಮಗೆ 2 ಕೆ.ಜಿ. ಆಸುಪಾಸಿನದು ಬೇಕು. 2.5 ದಾಟಿದರೆ ಬೇಡ. ತೂಕ ಒಳಗಿನ ಚೀಟಿಯಲ್ಲಿ ಇದ್ದರೂ ಇರಬಹುದು. ಇಲ್ಲದಿದ್ದರೆ ಕೊಕ್ಕೆಯ ತಕ್ಕಡಿಗೆ ತೂಗುಹಾಕಿ ತೋರಿಸಲು ಹೇಳಿ. ಈ ಕೈತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನೀವೂ ಒಂದು ಕೊಂಡುಬಿಡಿ. ವಾಪಸ್ ಬರುವಾಗ ಮಗಳ ಮನೆಯಲ್ಲೂ ಬೇಕಾಗುತ್ತದೆ.

ಗಟ್ಟಿಯದಾ, ಬಟ್ಟೆಯದಾ? ನಿಮಗೆ ನಾನು ಬಟ್ಟೆಯದನ್ನೇ ಹೇಳುತ್ತೇನೆ. ನೈಲಾನ್ ಅಥವಾ ಪಾಲಿಯೆಸ್ಟರ್‌ನದು ಸಾಮಾನ್ಯವಾಗಿ ಹಗುರ. ಒಂದಿಷ್ಟು ಒತ್ತಿದರೆ ಒಳಗೆ ಹೋಗುತ್ತದೆ. ಹೊರಗಿನ ಜೇಬಿನಲ್ಲಿ ಔಷಧಿ, ಕನ್ನಡಕ ಇಟ್ಟರೆ ಪೆಟ್ಟಿಗೆ ಪೂರ್ತಿ ಬಿಚ್ಚದೆ ತೆಗೆಯಬಹುದು. ಗಟ್ಟಿಯದೇ ಇಷ್ಟ ಅಂದರೆ ಪಾಲಿಕಾರ್ಬೊನೇಟ್ ಕೇಳಿ. ಎಬಿಎಸ್ ಪ್ಲಾಸ್ಟಿಕ್ ಅಗ್ಗ, ಆದರೆ ಜೋರು ಏಟು ಬಿದ್ದರೆ ಬಿರುಕು ಬಿಡುತ್ತದೆ. ಪೆಟ್ಟಿಗೆಯ ಮೈ ನಡುವೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ತಗ್ಗಿ ಥಟ್ಟನೆ ಮೇಲೆ ಬಂದರೆ ಒಳ್ಳೆಯದು.

ಚಕ್ರದ ವಿಷಯ. ಎರಡು ಚಕ್ರದ್ದರಲ್ಲಿ ಒಳಗೆ ಜಾಗ ಜಾಸ್ತಿ, ಕಲ್ಲುಹಾಸಿನ ಬೀದಿಯಲ್ಲಿ ಎಳೆಯಲೂ ಸುಲಭ. ಇಟಲಿಯಲ್ಲಿ ಅಂಥ ಬೀದಿ ಬೇಕಾದಷ್ಟು ಸಿಗುತ್ತವೆ. ಆದರೂ ನಿಮ್ಮ ಭುಜದ ಸಲುವಾಗಿ ನಾಲ್ಕು ಚಕ್ರದ್ದು ತೆಗೆದುಕೊಳ್ಳಿ. ಎರಡು ಚಕ್ರದ್ದನ್ನು ಓರೆ ಮಾಡಿ ಎಳೆಯಬೇಕು, ಭಾರದ ಒಂದು ಪಾಲು ಕೈಮೇಲೆ ಬೀಳುತ್ತದೆ. ನಾಲ್ಕು ಚಕ್ರದ್ದನ್ನು ಪಕ್ಕದಲ್ಲಿ ನಿಲ್ಲಿಸಿ ತಳ್ಳಿಕೊಂಡು ಹೋದರಾಯಿತು. ಬೆಂಗಳೂರು, ಫ್ರಾಂಕ್‌ಫರ್ಟ್ ಎರಡೂ ದೊಡ್ಡ ನಿಲ್ದಾಣಗಳು, ನಡಿಗೆ ಬಹಳ. ಅಂಗಡಿಯಲ್ಲೇ ಹತ್ತು ಹೆಜ್ಜೆ ತಳ್ಳಿ ನೋಡಿ, ಒಂದು ಬದಿಗೆ ಎಳೆದರೆ ಬೇಡ. ಉದ್ದದ ಹಿಡಿಯನ್ನು ಪೂರ್ತಿ ಮೇಲೆತ್ತಿ ಅಲ್ಲಾಡಿಸಿ. ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ, ಲೊಡಲೊಡ ಅನ್ನಬಾರದು.

ಇನ್ನು ಇಟಲಿ. ಮಗಳಿಗೆ ಫೋನ್ ಮಾಡಿ ಒಂದು ಮಾತು ಕೇಳಿ: ರಯಾನ್‌ಏರ್ ಟಿಕೆಟ್‌ನಲ್ಲಿ ಪ್ರಯಾರಿಟಿ ಇದೆಯಾ? ಇಲ್ಲದಿದ್ದರೆ ಟಿಕೆಟ್ ದರದಲ್ಲಿ ಸಿಗುವುದು 40×30×20 ಸೆಂ.ಮೀ.ಯ ಒಂದೇ ಚೀಲ, ಅದೂ ಮುಂದಿನ ಸೀಟಿನ ಕೆಳಗೆ ಹಿಡಿಯಬೇಕು. ಅಂದರೆ ಶಾಲೆಯ ಮಕ್ಕಳ ಬೆನ್ನಚೀಲದಷ್ಟು. ನಿಮ್ಮ ಟ್ರಾಲಿ ಎಷ್ಟೇ ಚಿಕ್ಕದಿದ್ದರೂ ಅದರಲ್ಲಿ ಕೂರುವುದಿಲ್ಲ. ಗೇಟಿನ ಹತ್ತಿರ ಹೋಗಿ ದುಡ್ಡು ಕಟ್ಟಲು ಹೋದರೆ ಬಹಳ ದುಬಾರಿ. ನಾಲ್ಕು ದಿನದ ಮಾತಲ್ವಾ, ಟ್ರಾಲಿಯನ್ನು ಮಗಳ ಮನೆಯಲ್ಲೇ ಬಿಡಿ. ಆ ಅಳತೆಯ ಮೆತ್ತಗಿನ ಬೆನ್ನಚೀಲವೊಂದನ್ನು ಇಲ್ಲಿಂದಲೇ ಒಯ್ಯಿರಿ. ಹೋಗುವಾಗ ಅದನ್ನೇ ಪರ್ಸಿನ ಬದಲು ಹಿಡಿಯಬಹುದು. ಇಂಡಿಗೊದಲ್ಲಿ 7 ಕೆ.ಜಿ. ಚೀಲದ ಜೊತೆಗೆ ಪರ್ಸ್ ಅಥವಾ ಲ್ಯಾಪ್‌ಟಾಪ್ ಚೀಲದಂಥ ಒಂದನ್ನು 3 ಕೆ.ಜಿ.ವರೆಗೆ ಬಿಡುತ್ತಾರೆ. ಪೂರ್ತಿ ತುಂಬಿ ಉಬ್ಬಿಸಬೇಡಿ ಅಷ್ಟೇ. ಇವೆರಡರ ಮೇಲೆ ಇನ್ನೊಂದು ಕವರ್, ಇನ್ನೊಂದು ಕೈಚೀಲ ಅಂತ ಬೇಡ. ಪರ್ಸಿನಂಥದ್ದನ್ನು ಬಿಟ್ಟರೆ ಒಬ್ಬರಿಗೆ ಒಂದೇ ಕೈಚೀಲ ಅನ್ನುವುದು ನಮ್ಮ ವಿಮಾನ ಸುರಕ್ಷತಾ ಇಲಾಖೆ ಬಿಸಿಎಎಸ್‌ನ ನಿಯಮ. ಭದ್ರತಾ ತಪಾಸಣೆಯಲ್ಲಿ ವಾಪಸ್ ಕಳಿಸಿದರೆ ಮತ್ತೆ ಕೌಂಟರ್‌ವರೆಗೆ ನಡೆಯಬೇಕು.

ಕೊನೆಯದಾಗಿ ಹುಬ್ಬಳ್ಳಿ ವಿಮಾನ. ನಿಮ್ಮ ಟಿಕೆಟ್‌ನಲ್ಲಿ ಎಟಿಆರ್ ಅಂತ ಇದ್ದರೆ ಅದು ರೆಕ್ಕೆಗೆ ಫ್ಯಾನ್ ಇರುವ ಸಣ್ಣ ವಿಮಾನ. ತಲೆಯ ಮೇಲಿನ ಗೂಡು ಚಿಕ್ಕದು. ಅಳತೆ ಸರಿಯಿದ್ದರೂ ಮೆಟ್ಟಿಲ ಹತ್ತಿರವೇ ಪೆಟ್ಟಿಗೆಗೆ ಟ್ಯಾಗ್ ಹಾಕಿ ಕೆಳಗಿನ ಲಗೇಜಿಗೆ ಸೇರಿಸಬಹುದು. ಗಾಬರಿಯಾಗಬೇಡಿ, ಹಾಗೆ ಮಾಡಿದ್ದಕ್ಕೆ ದುಡ್ಡು ಕೇಳುವುದಿಲ್ಲ. ಆದರೆ ಆ ಗಳಿಗೆಗೆ ತಯಾರಿರಿ. ಪಾಸ್‌ಪೋರ್ಟ್, ಔಷಧಿ, ಒಡವೆ, ಮನೆ ಕೀಲಿ, ಪವರ್ ಬ್ಯಾಂಕ್, ಇಷ್ಟನ್ನು ಒಂದು ಜಿಪ್ ಪೌಚಿನಲ್ಲಿ ಹಾಕಿ ಪೆಟ್ಟಿಗೆಯ ಮೇಲುಗಡೆಯೇ ಇಡಿ. ಟ್ಯಾಗ್ ಹಾಕಲು ಬಂದರೆ ಪೌಚನ್ನು ಎಳೆದು ಬೆನ್ನಚೀಲಕ್ಕೆ ಹಾಕಿಕೊಳ್ಳಿ. ಪವರ್ ಬ್ಯಾಂಕನ್ನಂತೂ ತೆಗೆಯಲೇಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಸರಕಿನ ಕೋಣೆಯಲ್ಲಿ ಆರಿಸುವವರು ಇರುವುದಿಲ್ಲ, ಅದಕ್ಕೇ ಅದು ಯಾವತ್ತೂ ಪ್ರಯಾಣಿಕರ ಜೊತೆಗೇ ಇರಬೇಕು.

ಪ್ರಶ್ನೆ: ಕೆಲಸದ ಮೇಲೆ ವಾರ ವಾರ ಬೆಂಗಳೂರು–ಬೆಳಗಾವಿ ಓಡಾಡುತ್ತೇನೆ. ಯುಎಸ್‌ಬಿ ಪೋರ್ಟ್ ಇರುವ ‘ಸ್ಮಾರ್ಟ್’ ಟ್ರಾಲಿ ಕೊಳ್ಳಲಾ?
– ಬೆಳಗಾವಿಯ ಓದುಗರು

ಉತ್ತರ: ಎರಡು ರಾತ್ರಿಯ ಬಟ್ಟೆಗೆ ಟ್ರಾಲಿಯೇ ಬೇಡ. 30 ಲೀಟರಿನ ಬೆನ್ನಚೀಲ ಸಾಕು. ಖಾಲಿ ಇದ್ದಾಗ ಒಂದು ಕೆ.ಜಿ. ಆಸುಪಾಸು ತೂಗುತ್ತದೆ, ಸೀಟಿನ ಕೆಳಗೂ ಹೋಗುತ್ತದೆ. ಆ ಮಾರ್ಗದಲ್ಲಿ ಸಣ್ಣ ವಿಮಾನಗಳೂ ಹಾರುತ್ತವೆ. 50 ಸೀಟಿನ ಎಂಬ್ರೇಯರ್ 145ರಲ್ಲಿ ಒಂದು ಬದಿಗೆ ಒಂಟಿ ಸೀಟು, ಇನ್ನೊಂದು ಬದಿಗೆ ಜೋಡಿ ಸೀಟು. ಮೇಲಿನ ಗೂಡು ಇರುವುದು ಜೋಡಿ ಸೀಟಿನ ಕಡೆ ಮಾತ್ರ.

ಟ್ರಾಲಿಯೇ ಬೇಕೆಂದರೆ, ಬ್ಯಾಟರಿ ಕೈಯಲ್ಲೇ ಬಿಚ್ಚಿ ತೆಗೆಯುವಂತಿದೆಯಾ ನೋಡಿ. ಬಿಚ್ಚಲಾಗದ ಬ್ಯಾಟರಿಯ ಪೆಟ್ಟಿಗೆಗಳನ್ನು ಅಮೆರಿಕದ ದೊಡ್ಡ ಕಂಪನಿಗಳು 2018ರ ಜನವರಿಯಲ್ಲೇ ನಿಲ್ಲಿಸಿದವು. ಬರೀ ಪೋರ್ಟ್ ಮತ್ತು ವೈರ್ ಇದ್ದು ಪವರ್ ಬ್ಯಾಂಕ್ ನೀವೇ ಹಾಕುವಂತಿದ್ದರೆ ತೊಂದರೆ ಇಲ್ಲ. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಲಿ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ನಡೆಯುತ್ತದೆ.

ಪ್ರಶ್ನೆ: ಓದಲು ಅಮೆರಿಕಕ್ಕೆ ಹೊರಟಿದ್ದೇನೆ, ಕತಾರ್ ಏರ್‌ವೇಸ್‌ನಲ್ಲಿ ದೋಹಾ ಮೂಲಕ. ಲಂಡನ್‌ನಲ್ಲಿರುವ ಮಾವ ತಮ್ಮ ಕ್ಯಾಬಿನ್ ಪೆಟ್ಟಿಗೆ ಕೊಟ್ಟಿದ್ದಾರೆ. 56×45×25 ಇದೆ. ‘ನಾನು ಹತ್ತು ಸಲ ತಂದಿದ್ದೇನೆ, ಯಾರೂ ಕೇಳಿಲ್ಲ’ ಅಂತಾರೆ. ನಾನೂ ಒಯ್ಯಬಹುದಾ?
– ಮೈಸೂರಿನ ಓದುಗರು

ಉತ್ತರ: ಮಾವ ಹೇಳುವುದು ನಿಜ. ಅವರು ಬ್ರಿಟಿಷ್ ಏರ್‌ವೇಸ್‌ನಲ್ಲಿ ಬಂದಿರಬೇಕು. ಅಲ್ಲಿ ಸರಿಯಾಗಿ 56×45×25ಕ್ಕೇ ಅವಕಾಶ ಇದೆ, ತೂಕ 23 ಕೆ.ಜಿ.ವರೆಗೆ. ಕತಾರ್ ಏರ್‌ವೇಸ್‌ನ ಎಕಾನಮಿಯಲ್ಲಿ 50×37×25, ತೂಕ 7 ಕೆ.ಜಿ. ಎತ್ತರ, ಅಗಲ ಎರಡರಲ್ಲೂ ನಿಮ್ಮದು ದೊಡ್ಡದು. ಅಮೆರಿಕ ಮುಟ್ಟಿದ ಮೇಲೆ ಒಳಗಿನ ವಿಮಾನ ಹಿಡಿಯುವುದಿದ್ದರೆ ಅಲ್ಲಿ ಸಾಮಾನ್ಯವಾಗಿ 22×14×9 ಇಂಚು, ಅಂದರೆ ಸುಮಾರು 56×36×23. ಅಲ್ಲೂ 45ರ ಅಗಲ ಹಿಡಿಯುವುದಿಲ್ಲ.

ಆ ಪೆಟ್ಟಿಗೆಯನ್ನು ಕೆಳಗಿನ ಲಗೇಜಿಗೆ ಹಾಕಿ. ಪುಸ್ತಕ, ಕುಕ್ಕರ್‌ನಂಥ ಭಾರದ ಸಾಮಾನಿಗೆ ಚಿಕ್ಕ ಗಟ್ಟಿ ಪೆಟ್ಟಿಗೆಯೇ ಒಳ್ಳೆಯದು. ಅದಕ್ಕೆ ಕೆಂಪು ವಜ್ರದ ಗುರುತಿರುವ ಟಿಎಸ್‌ಎ ಬೀಗ ಹಾಕಿ. ಅಮೆರಿಕದಲ್ಲಿ ಲಗೇಜ್ ತಪಾಸಣೆ ಮಾಡುವವರು ತಮ್ಮ ಕೀಲಿಯಿಂದ ಅದನ್ನು ತೆರೆಯಬಹುದು, ಸಾಮಾನ್ಯವಾಗಿ ಒಡೆಯುವ ಪ್ರಮೇಯ ಬರುವುದಿಲ್ಲ. ಮೂಲ ಅಂಕಪಟ್ಟಿ, ಐ-20 (ವಿದ್ಯಾರ್ಥಿ ವೀಸಾಕ್ಕೆ ಅಲ್ಲಿನ ಕಾಲೇಜು ಕೊಟ್ಟ ಪತ್ರ), ಲ್ಯಾಪ್‌ಟಾಪ್, ಒಂದು ಜೊತೆ ಬಟ್ಟೆಯನ್ನು ಮಾತ್ರ ಬೆನ್ನಚೀಲದಲ್ಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಟಿಕೆಟ್ ತೆರೆದು ಅಳತೆಯನ್ನು ಇನ್ನೊಮ್ಮೆ ನೋಡಿ. ಈ ಅಂಕಿಗಳು ಆಗಾಗ ಬದಲಾಗುತ್ತಿರುತ್ತವೆ.