ಡೈರೆಕ್ಟ್ ಡ್ರೈವ್ ವೀಲ್ ಆಮೇಲೆ, ಮೊದಲು ಇನ್ವರ್ಟರ್ ಹಿಂದೆ ಇಣುಕಿ ನೋಡಿ

ನೀವು ಕೇಳಿದ್ದು ಇಷ್ಟು: ಊರು ಸಣ್ಣದು, ನಿಮ್ಮ ಹತ್ರ ಇರೋದು ಕಂಪ್ಯೂಟರ್‌ಗೆ ಹಾಕೋ ಲಾಜಿಟೆಕ್ ಜಿ29 ಸ್ಟೀರಿಂಗ್ ವೀಲ್, ಕಂಪ್ಯೂಟರ್‌ನಲ್ಲೇ ತಾಸುಗಟ್ಟಲೆ ಕಾರ್ ರೇಸ್ ಓಡಿಸೋ ಆನ್‌ಲೈನ್ ಎಂಡ್ಯೂರೆನ್ಸ್ ಲೀಗ್ ಸೇರೋ ಆಸೆ, ಮೋಟರ್‌ಗೇ ನೇರ ಕೂರಿಸಿರೋ ಡೈರೆಕ್ಟ್ ಡ್ರೈವ್ ವೀಲ್ ಇಲ್ಲದೆ ಆಗುತ್ತಾ?

ಧಾರಾಳವಾಗಿ ಆಗುತ್ತೆ. ನಾನು ದಾವಣಗೆರೆ ನಿಟ್ಟುವಳ್ಳಿಯ ಮನೆಯಿಂದ ಎರಡು ಸೀಸನ್ ಅದೇ ಜಿ29 ಹಿಡಿದು ಐರೇಸಿಂಗ್ ಅನ್ನೋ ಆನ್‌ಲೈನ್ ರೇಸಿಂಗ್ ಆಟದಲ್ಲಿ ಓಡಿಸಿದ್ದೀನಿ. ನಾಲ್ಕು ಜನರ ತಂಡ, ಸ್ಪೋರ್ಟ್ಸ್ ಕಾರನ್ನೇ ರೇಸಿಗೆ ತಯಾರು ಮಾಡಿರೋ ಜಿಟಿ3 ಕ್ಲಾಸಿನ ಕಾರು. ವೀಲ್‌ನಿಂದಾಗಿ ಒಂದು ರೇಸೂ ಹೋಗಲಿಲ್ಲ. ಹೋಗಿದ್ದೆಲ್ಲ ಬೇರೆ ಕಾರಣಕ್ಕೆ.

ಮೊದಲ ಸೀಸನ್‌ನಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್, ಆರು ತಾಸಿನ ರೇಸ್. ಮೂರನೇ ಸ್ಟಿಂಟ್, ಅಂದ್ರೆ ಓಡಿಸೋ ಸರದಿ, ನನ್ನದು. ಲಾ ಸೋರ್ಸ್ ತಿರುವು ದಾಟಿ ಓ ರೂಜ್ ಕಡೆ ಇಳೀತಿದ್ದೆ, ಮೂಲೆಯಲ್ಲಿದ್ದ ಇನ್ವರ್ಟರ್ ಟಕ್ ಅಂತು. ಫ್ಯಾನ್ ತಿರುಗ್ತಾನೇ ಇತ್ತು, ಟ್ಯೂಬ್‌ಲೈಟ್ ಒಂದು ಸಲ ಕಣ್ಣು ಹೊಡೀತು ಅಷ್ಟೆ. ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್! ಎದುರಿಗೆ ಕಪ್ಪು ಪರದೆ, ಕೈಯಲ್ಲಿ ವೀಲ್ ತಾನಾಗೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿ ಕ್ಯಾಲಿಬ್ರೇಟ್ ಆಗ್ತಾ ಇತ್ತು. ಮೈಗೆ ದೆವ್ವ ಬಂದ ಹಾಗೆ. ಮೂರು ಲ್ಯಾಪ್ ಹೋಯ್ತು.

ಮಾರನೇ ದಿನ ಇನ್ವರ್ಟರ್ ಎಳೆದು ಹಿಂದೆ ನೋಡಿದರೆ ಒಂದು ಸಣ್ಣ ಸ್ವಿಚ್: ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ತಂದ ದಿನದಿಂದ ನಾರ್ಮಲ್‌ನಲ್ಲೇ ಇತ್ತು. ಕಂಪ್ಯೂಟರ್‌ನ ಪವರ್ ಸಪ್ಲೈ ಕರೆಂಟ್ ಇಲ್ಲದೆ ಸುಮಾರು 16 ಮಿಲಿಸೆಕೆಂಡ್ ತಡ್ಕೊಳ್ಳುತ್ತೆ. ನಾರ್ಮಲ್ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಯುಪಿಎಸ್ ಮೋಡ್‌ಗೆ ಹಾಕಿದರೆ 10ರ ಆಸುಪಾಸಿನಲ್ಲಿ ಮುಗಿಯುತ್ತೆ. ಆ ಸ್ವಿಚ್ ಒತ್ತೋಕೆ ಒಂದು ಪೈಸೆ ಖರ್ಚಿಲ್ಲ. ಫೈಬರ್ ಡಬ್ಬಿ, ರೌಟರ್ ಎರಡನ್ನೂ ಇನ್ವರ್ಟರ್ ಲೈನಿಗೇ ಸೇರಿಸಿ, ವೈಫೈ ಬಿಟ್ಟು ಕೇಬಲ್ ಎಳೀರಿ. ಸರ್ವರ್ ದೂರದಲ್ಲಿದ್ದರೆ ಪಿಂಗ್, ಅಂದ್ರೆ ಸಂದೇಶ ಹೋಗಿ ಬರೋ ಹೊತ್ತು, ಜಾಸ್ತಿ ಇರೋದೇ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಒಂದೇ ಸಮ ಇದ್ದರೆ ನಡೆಯುತ್ತೆ. ಏರಿಳಿತ ಆದರೆ ನಿಮ್ಮ ಕಾರು ಬೇರೆಯವರ ಪರದೆ ಮೇಲೆ ಮಿಡತೆ ಥರ ಹಾರುತ್ತೆ, ಪಕ್ಕದಲ್ಲಿ ಯಾರೂ ಧೈರ್ಯವಾಗಿ ಓಡಿಸಲ್ಲ.

ಇದು ನಮ್ಮೂರಿಗಷ್ಟೇ ಅಂಟಿದ ರೋಗ ಅಂದ್ಕೋಬೇಡಿ. 2023ರ ಜನವರಿಯಲ್ಲಿ ವರ್ಚುವಲ್ ಲೆ ಮಾನ್ಸ್ ಅನ್ನೋ 24 ತಾಸಿನ ಆನ್‌ಲೈನ್ ರೇಸ್‌ನಲ್ಲಿ ಫಾರ್ಮುಲಾ 1 ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪನ್ ಅಂಥವರೇ ಮುನ್ನಡೆಯಲ್ಲಿದ್ದಾಗ ಸಂಪರ್ಕ ಕಡಿದು ಹಿಂದೆ ಬಿದ್ದರು, ಕೊನೆಗೆ ರೇಸನ್ನೇ ಬಿಟ್ಟರು. ಆವತ್ತಿಂದ ನನಗೆ ಸ್ವಲ್ಪ ಸಮಾಧಾನ.

ಇನ್ನು ವೇಗದ ವಿಷಯ. ಸ್ಪಾದಲ್ಲಿ ಜಿಟಿ3ಗೆ ಲ್ಯಾಪ್ ಸುಮಾರು 2 ನಿಮಿಷ 20 ಸೆಕೆಂಡ್, ಅಂದ್ರೆ ತಾಸಿಗೆ 25 ಲ್ಯಾಪ್. ಪ್ರತಿ ಲ್ಯಾಪಿಗೆ ಅರ್ಧ ಸೆಕೆಂಡ್ ನಿಧಾನ ಆದ್ರೂ ಒಂದು ತಾಸಿನ ಸ್ಟಿಂಟ್‌ಗೆ ಕಳ್ಕೊಳ್ಳೋದು ಹನ್ನೆರಡೂವರೆ ಸೆಕೆಂಡ್. ಕಾರು ಗಿರ್ರನೆ ತಿರುಗಿ ಒಂದೇ ಒಂದು ಸ್ಪಿನ್ ಆಯ್ತು ಅಂದ್ರೆ ಅಷ್ಟೂ ಒಂದೇಟಿಗೆ ಹೋಯ್ತು, ಮೇಲೆ ತಪ್ಪಿಗೆ ಲೆಕ್ಕ ಹಾಕೋ ಇನ್ಸಿಡೆಂಟ್ ಪಾಯಿಂಟ್ ಬೇರೆ. ಅದಕ್ಕೇ ನಮ್ಮ ತಂಡದಲ್ಲಿ ಎಲ್ಲರಿಗಿಂತ ನಿಧಾನ ಓಡಿಸೋ ಹುಡುಗನಿಗೇ ನಾವು ರಾತ್ರಿ ಸ್ಟಿಂಟ್ ಕೊಡೋದು.

ಹೊಸಬರು ಎಡವೋದು ಅದೇ ರೇಸ್‌ನಲ್ಲಿ ಓಡೋ ಇನ್ನೂ ವೇಗದ ಕ್ಲಾಸಿನ ಕಾರು ಹಿಂದೆ ಬಂದಾಗ. ಪಿ.ಬಿ. ರಸ್ತೆಯಲ್ಲಿ ಗಾಡಿ ಓಡಿಸಿದ ಅಭ್ಯಾಸ ನಮಗೆ, ಹಿಂದೆ ಡಿಪ್ಪರ್ ಹೊಡೆದರೆ ತಟ್ಟನೆ ಪಕ್ಕಕ್ಕೆ ಸರೀತೀವಿ. ಇಲ್ಲಿ ಸರಿಯಬಾರದು! ಸುರಕ್ಷಿತವಾಗಿ ದಾಟೋದು ಹಿಂದಿನವನ ಜವಾಬ್ದಾರಿ. ನೀವು ನಿಮ್ಮ ಲೈನ್ ಹಿಡಿದು ನೆಟ್ಟಗೆ ಹೋಗಿ. ಅವನು ಎಡಕ್ಕೆ ಬರೋದು, ನೀವು ಮರ್ಯಾದೆಗೆ ಎಡಕ್ಕೇ ಸರಿಯೋದು, ಇಬ್ಬರೂ ಗೋಡೆಗೆ. ನನ್ನ ಮೊದಲ ಮೂರು ಅಪಘಾತವೂ ಹೀಗೇ.

ಡ್ರೈವರ್ ಬದಲಿ ಇನ್ನೊಂದು ಕಲೆ. ನಾವು ಇಳಿಯೋಕೆ ಒಂದು ಲ್ಯಾಪ್ ಮುಂಚೆ ಡಿಸ್ಕಾರ್ಡ್ ಅನ್ನೋ ಮಾತಾಡೋ ಆ್ಯಪ್‌ನಲ್ಲಿ ಕಾರಿನ ಬ್ರೇಕ್ ಹಂಚಿಕೆ, ಟಿಸಿ (ಚಕ್ರ ಜಾರದಂತೆ ತಡೆಯೋದು) ಎಲ್ಲದರ ಸೆಟ್ಟಿಂಗ್ ಜೋರಾಗಿ ಹೇಳ್ತೀವಿ: "ಬ್ರೇಕ್ ಬಯಾಸ್ 54, ಟಿಸಿ ನಾಲ್ಕು, ಎಬಿಎಸ್ ಮೂರು, ಬಲ ಮುಂದಿನ ಟೈರ್ ಸವೆದಿದೆ, ಪೂಹೋನ್ ತಿರುವಲ್ಲಿ ಹುಷಾರು." ಮುಂದಿನವನು ಅದನ್ನೇ ವಾಪಸ್ ಒಪ್ಪಿಸಬೇಕು. ತಂಡದಲ್ಲಿ ಒಬ್ಬ ಚಿತ್ರದುರ್ಗದವನಿದ್ದಾನೆ. ಯಾರಾದರೂ ಊಟಕ್ಕೆ ಎದ್ದರೆ, ಅಕ್ಕಪಕ್ಕದ ಕಾರು ನೋಡಿ ಡ್ರೈವರ್‌ಗೆ ಹೇಳೋ ಸ್ಪಾಟರ್ ಕೆಲಸಕ್ಕೆ ಕೂತು "ಮುದ್ದಹನುಮ ಉಣ್ಣಲಿ ಬಿಡ್ರಿ, ಕಿಂಡಿ ಹತ್ರ ಓಬವ್ವ ಅದಾಳೆ" ಅಂತಾನೆ. ನೂರು ಸಲ ಕೇಳಿದ್ದೀನಿ, ಈಗಲೂ ನಗು ಬರುತ್ತೆ. ಒಬ್ಬನೇ ಪೂರ್ತಿ ಓಡಿಸ್ತೀನಿ ಅನ್ನೋ ಹಾಗೂ ಇಲ್ಲ. ಐರೇಸಿಂಗ್‌ನ ಟೀಮ್ ರೇಸ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಸಮಪಾಲಿನ ಕಾಲು ಭಾಗದಷ್ಟಾದರೂ ಲ್ಯಾಪ್ ಓಡಿಸಲೇಬೇಕು.

ಸಮಯ: 24 ತಾಸಿನ ರೇಸ್ 12:00 ಜಿಎಂಟಿಗೆ ಶುರು ಅಂದ್ರೆ ನಮಗೆ ಸಂಜೆ ಐದೂವರೆ. ನಡುರಾತ್ರಿ ಯಾರು, ಬೆಳಗಿನ ಜಾವ ಯಾರು ಅಂತ ಮೊದಲೇ ಹಂಚ್ಕೊಳ್ಳಿ.

ಗಾಲಿ ಇರೋ ಕುರ್ಚಿಯಾದರೆ ಬ್ರೇಕ್ ಒತ್ತಿದಾಗ ನೀವೇ ಹಿಂದಕ್ಕೆ ಉರುಳ್ತೀರಿ. ನಾನು ಐದೂ ಗಾಲಿಗೆ ಒಂದೊಂದು ಹಳೇ ಚಪ್ಪಲಿ ಕೊಟ್ಟಿದ್ದೀನಿ. ಜಿ29ರ ಬ್ರೇಕ್ ಒಳಗಿನ ರಬ್ಬರ್ ತುಂಡು ಗಟ್ಟಿ ಅಂತ ಬಹಳ ಜನ ಕಿತ್ತು ಹಾಕ್ತಾರೆ. ನಾನು ಹಾಗೇ ಬಿಟ್ಟು ಅಭ್ಯಾಸ ಮಾಡ್ಕೊಂಡೆ.

ಕೊನೇದಾಗಿ, ಸ್ಟಿಂಟ್‌ಗಳ ನಡುವೆ ಮಂಡಕ್ಕಿ-ಮೆಣಸಿನಕಾಯಿ ಬೇಡ. ಒಂದ್ಸಲ ತಿಂದು, ಕೈ ಪ್ಯಾಂಟಿಗೆ ಒರೆಸ್ಕೊಂಡು ವೀಲ್ ಹಿಡಿದೆ. ಬೇಸಿಗೆ, ಹಣೆಯಿಂದ ಬೆವರು ಇಳೀತು, ನೇರ ರಸ್ತೆಯಲ್ಲಿ ಕಣ್ಣು ಒರೆಸ್ಕೊಂಡೆ. ಆಮೇಲೆ ಹನ್ನೊಂದು ಲ್ಯಾಪ್ ಒಂದೇ ಕಣ್ಣಲ್ಲಿ.