ಕಂತು ಸಂಘಕ್ಕೆ ಕಟ್ಟಿ, ದೇವರಿಗಲ್ಲ

ಪ್ರಶ್ನೆ: ನಾನು ದಾವಣಗೆರೆ ನಿಟುವಳ್ಳಿಯವಳು. ನಮ್ಮ ಮಹಿಳಾ ಸಂಘದ ಲೆಕ್ಕ ನೋಡಿಕೊಳ್ಳುತ್ತೇನೆ. ಮನೆ ಕಷ್ಟಕ್ಕೆ ಸಂಘದ ದುಡ್ಡಿನಲ್ಲಿ 8,000 ರೂಪಾಯಿ ತೆಗೆದುಕೊಂಡೆ, ಪುಸ್ತಕದಲ್ಲಿ ಬರೆಯಲಿಲ್ಲ. ಎಂಟು ತಿಂಗಳಿಂದ ಪ್ರತಿ ಶುಕ್ರವಾರ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದರೂ ಕ್ಷಮೆ ಸಿಕ್ಕಿತೆನ್ನಿಸುತ್ತಿಲ್ಲ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೂ ಹೋಗುತ್ತಿಲ್ಲ. ಐದು ವರ್ಷದ ಮಗಳು ಬೆಲ್ಲ ಕದ್ದು ಬೈಸಿಕೊಂಡರೂ ಆ ಅಂಟುಗೈಯಲ್ಲೇ ನನ್ನ ಸೆರಗು ಹಿಡಿದು ನಿದ್ದೆ ಹೋಗುತ್ತಾಳೆ. ಅಂಥ ನಂಬಿಕೆ ನನಗೆ ಯಾಕೆ ಬರುತ್ತಿಲ್ಲ?

ಉತ್ತರ: ಸಹೋದರಿ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಗು ಕೈ ತೊಳೆದುಕೊಂಡು ಬರಲಿಲ್ಲ. ಬೈದವರ ಸೆರಗನ್ನೇ ಹಿಡಿಯಿತು. ನೀವು ಕೈ ತೊಳೆದುಕೊಂಡೇ ಹೋಗಬೇಕೆಂದು ಎಂಟು ತಿಂಗಳಿಂದ ಬಾಗಿಲಾಚೆ ನಿಂತಿದ್ದೀರಿ.

ಬೈಬಲಿನ ಮತ್ತಾಯ 18ರಲ್ಲಿ ಯೇಸುಸ್ವಾಮಿ ಒಂದು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಒಡೆಯನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಸಾಲಗಾರನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಇದೆ. ಒಂದು ತಲಾಂತೆಂದರೆ ಸುಮಾರು 6,000 ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ದುಡಿಮೆ! ಆದರೂ ಅವನು ಕೇಳಿದ್ದು ಕ್ಷಮೆಯಲ್ಲ, ಗಡುವು: ತಾಳಿಕೋ, ಎಲ್ಲವನ್ನೂ ತೀರಿಸುತ್ತೇನೆ ಎಂದ. ಒಡೆಯ ಗಡುವು ಕೊಡಲಿಲ್ಲ, ಸಾಲವನ್ನೇ ಬಿಟ್ಟುಬಿಟ್ಟ. ನಿಮ್ಮ ಶುಕ್ರವಾರಗಳು ಆ ಗಡುವಿನ ಬೇಡಿಕೆಯೇ. ಉಪವಾಸ ತಪ್ಪಲ್ಲ, ಅದನ್ನು ಕಂತಾಗಿ ಕಟ್ಟುವುದು ತಪ್ಪು. ಇವತ್ತೇ ನಿಲ್ಲಿಸಿ. ತೆಗೆದ ಮೊತ್ತ, ಬರೆಯದೆ ಬಿಟ್ಟ ಸಾಲು, ಎರಡನ್ನೂ ಹೆಸರಿಟ್ಟು ಹೇಳಿ ದೇವರಲ್ಲಿ ಒಮ್ಮೆ ಕರುಣೆ ಕೇಳಿ. ಮನಸ್ಸು ಹಗುರವಾಗದಿದ್ದರೆ ಮತ್ತೆ ಮೊದಲಿನಿಂದ ಶುರುಮಾಡಬೇಡಿ. ಮಾರ್ಕ 9ರಲ್ಲಿ ಮಗನನ್ನು ಗುಣಪಡಿಸೆಂದು ಯೇಸುವಿನ ಬಳಿ ಬಂದ ತಂದೆ ನಂಬುತ್ತೇನೆ ಎಂದ ಉಸಿರಿನಲ್ಲೇ ತನ್ನ ಅಪನಂಬಿಕೆಗೂ ಸಹಾಯ ಕೇಳಿದ. ಅವನ ಮಗ ಗುಣವಾದ. ರಾತ್ರಿ ಮಲಗುವಾಗ 131ನೆಯ ಕೀರ್ತನೆ ಓದಿ. ಮೂರೇ ವಚನ. ಮೊಲೆ ಬಿಟ್ಟ ಕೂಸು ಹಾಲಿಗೂ ಅಳದೆ ತಾಯಿಯ ಹತ್ತಿರ ಸುಮ್ಮನಿರುವ ಚಿತ್ರ ಅದು.

ಇನ್ನು ದುಡ್ಡು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಬರುತ್ತೇನೆಂದು ಯೇಸು ಮೊದಲು ಹೇಳಿದರು. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆಂದು ಅವನು ಆಮೇಲೆ ಹೇಳಿದ. ಈ ಕ್ರಮ ತಿರುಗಬಾರದು. ಹಾಗೆಂದು ಕೊಡುವುದು ತಪ್ಪಲೂಬಾರದು. ಯಾಜಕಕಾಂಡ 6ರ ಪ್ರಕಾರ ಅಸಲಿನ ಜೊತೆ ಐದನೆಯ ಒಂದು ಪಾಲು ಸೇರಿಸಬೇಕು: 8,000ಕ್ಕೆ 1,600, ಒಟ್ಟು 9,600. ತಿಂಗಳಿಗೆ 800ರಂತೆ ಹನ್ನೆರಡು ಕಂತು.

ಗುಟ್ಟಾಗಿ ಪೆಟ್ಟಿಗೆಗೆ ಹಾಕಿಬಿಡುವ ಆಸೆ ಬರುತ್ತದೆ, ಬೇಡ. ಪುಸ್ತಕದ ಸುಳ್ಳು ಹಾಗೇ ಉಳಿಯುತ್ತದೆ, ಮುಂದೆ ಲೆಕ್ಕ ತಾಳೆಯಾಗದಿದ್ದಾಗ ಏನೂ ಮಾಡದ ಇನ್ನೊಬ್ಬಳ ಮೇಲೆ ಅನುಮಾನ ಬೀಳುತ್ತದೆ. ಮೊದಲು ಮನೆಯವರಿಗೆ ಹೇಳಿ. ಚರ್ಚಿನ ಸಭಾಪಾಲಕರನ್ನೋ ನಂಬಿಕಸ್ಥ ಹಿರಿಯಮ್ಮನನ್ನೋ ಜೊತೆಗಿಟ್ಟುಕೊಂಡು ಸಂಘದ ಅಧ್ಯಕ್ಷೆಯ ಬಳಿ ಹೋಗಿ. ಮೊದಲ 800 ಕೈಯಲ್ಲಿರಲಿ. ನೆಪ ಹೇಳಬೇಡಿ. ಸಂಘದ ಮುಂದಿನ ಸಭೆಯಲ್ಲಿ ಎಲ್ಲರೆದುರು ಪುಸ್ತಕ ತಿದ್ದಿಸಿ, ರಸೀದಿ ಪಡೆಯಿರಿ. ಲೆಕ್ಕದ ಕೆಲಸ ಕಿತ್ತುಕೊಂಡರೆ ಕೊಟ್ಟುಬಿಡಿ. ಕೆಲವರು ಮಾತು ಬಿಡಬಹುದು, ಅದು ನೋಯುತ್ತದೆ. ಅವರ ಸಿಟ್ಟನ್ನು ದೇವರ ಸಿಟ್ಟೆಂದು ಮಾತ್ರ ಓದಿಕೊಳ್ಳಬೇಡಿ.

ಮತ್ತಾಯ 5ರಲ್ಲಿ ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಸಹೋದರನೊಂದಿಗೆ ಒಂದಾಗಿ ಬಾ ಎಂದಿದೆ. ಕಂತೆಲ್ಲ ತೀರಿಸಿ ಬಾ ಎಂದಿಲ್ಲ. ಆದ್ದರಿಂದ ಸಂಘದಲ್ಲಿ ಹೇಳಿಯಾದ ಮೇಲೆ ಬರುವ ಮೊದಲ ಕರ್ತನ ಭೋಜನಕ್ಕೇ ಹೋಗಿ, ಹನ್ನೊಂದು ಕಂತು ಬಾಕಿ ಇದ್ದರೂ.